‘ನಿಮಗೆ ಅವರು ಏನಾಗಬೇಕು?’

ಸಂಪಾದಕರಿಗೆ ನಮಸ್ಕಾರ.

ನಾನು ಸೋಮವಾರಪೇಟೆ ಕಡೆಯವನು, ಟೂ ವೀಲರ್ ಗ್ಯಾರೇಜ್ ಇಟ್ಕೊಂಡಿದೀನಿ. ನಿಮ್ಮ ಪೇಪರ್ ನಮ್ಮ ಗ್ಯಾರೇಜಿಗೆ ಹದಿನೈದು ವರ್ಷದಿಂದ ಬರ್ತಾ ಇದೆ, ಗಾಡಿ ರಿಪೇರಿಗೆ ಬಂದೋರೂ ಕೂತು ಓದ್ತಾರೆ, ಆದ್ರೆ ನಾನು ನಿಮಗೆ ಕಾಗದ ಬರೀತಿರೋದು ಇದೇ ಮೊದಲು. ಭಾಷೇಲಿ ತಪ್ಪಿದ್ರೆ ತಿದ್ಕೊಳ್ಳಿ, ಉದ್ದ ಆಯ್ತು ಅಂದ್ರೆ ಕತ್ತರಿಸ್ಕೊಳ್ಳಿ, ಆದ್ರೆ ದಯವಿಟ್ಟು ಒಳಗಿನ ವಿಷಯ ಬದಲಾಯಿಸ್ಬೇಡಿ.

ಡಿಸೆಂಬರ್ 3ರ ವಿಶ್ವ ವಿಕಲಚೇತನರ ದಿನಕ್ಕೆ ನೀವು ಒಂದು ಪೂರ್ತಿ ಪುಟ ಮಾಡಿದ್ರಿ. ಅದರಲ್ಲಿ ಒಂದು ಜೋಡಿ ಫೋಟೋ ಇತ್ತು, ಗಂಡ ವೀಲ್‌ಚೇರಲ್ಲಿ, ಹೆಂಡ್ತಿ ಹಿಂದೆ ಹ್ಯಾಂಡಲ್ ಹಿಡ್ಕೊಂಡು ನಿಂತಿದ್ರು, ಇಬ್ರೂ ಚೆನ್ನಾಗಿ ನಗ್ತಿದ್ರು. ಮೇಲೆ ದಪ್ಪ ಅಕ್ಷರದಲ್ಲಿ ‘ಅಂಗವಿಕಲನಿಗೆ ಬಾಳು ಕೊಟ್ಟ ಯುವತಿ’ ಅಂತ ಹಾಕಿದ್ರಿ. ನಮ್ಮ ಮನೇಲಿ ಪೇಪರ್ ಜೋರಾಗಿ ಓದೋದು ಅವನು, ನಾನು ಬೆಳಿಗ್ಗೆ ರೊಟ್ಟಿ ತಟ್ತಾ ಕೇಳಿಸ್ಕೊಳ್ತೀನಿ. ಅವತ್ತು ಆ ಹೆಡ್ಡಿಂಗ್ ಓದಿ ಅಲ್ಲಿಗೇ ನಿಲ್ಲಿಸ್ಬಿಟ್ಟ. ಪೇಪರ್ ತೊಡೆ ಮೇಲೆ ಇಟ್ಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ಕೇಳ್ದ, ‘ಅವಳು ಬಾಳು ಕೊಟ್ಳು ಅಂದ್ರೆ, ಅದಕ್ಕೆ ಮುಂಚೆ ಅವನ ಹತ್ರ ಬಾಳೇ ಇರ್ಲಿಲ್ವಾ?’ ನಂಗೆ ಉತ್ತರ ಹೊಳೀಲಿಲ್ಲ. ಯಾಕಂದ್ರೆ ಅಂಥದ್ದೇ ಒಂದು ಮಾತಿನ ಕೆಳಗೆ ನಾನು ಏಳು ವರ್ಷ ಬಚ್ಚಿಟ್ಕೊಂಡು ಬದುಕಿದೀನಿ. ಅದನ್ನ ಹೇಳೋದಕ್ಕೇ ಈ ಕಾಗದ.

ಅವನು ಅಂದ್ರೆ ನಾನು ಪ್ರೀತಿಸೋ ಗಂಡಸು. ನಾವಿಬ್ರೂ ಒಂದೇ ಮನೇಲಿ 2018ರಿಂದ ಇದೀವಿ. ಅವನು ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲದೋನು, ವೀಲ್‌ಚೇರಲ್ಲಿ ಓಡಾಡ್ತಾನೆ. ಜನರ ಮುಂದೆ ನನ್ನನ್ನ ಅಣ್ಣ ಅಂತಾನೆ, ಬಾಗಿಲು ಹಾಕಿದ ಮೇಲೆ ಹೆಸರು ಹಿಡಿದು ಕರೀತಾನೆ.

ಅವನ ಅಪ್ಪಂಗೆ ಮಾದಾಪುರ ಕಡೆ ಸ್ವಲ್ಪ ತೋಟ ಇತ್ತು, ಕಾಫಿ ಮಧ್ಯೆ ಸಿಲ್ವರ್ ಮರ, ಮರಕ್ಕೆ ಮೆಣಸಿನ ಬಳ್ಳಿ, ನಮ್ಮಲ್ಲಿ ಎಲ್ಲರ ತೋಟ ಇರೋ ಹಾಗೇನೇ. 2012ರ ಫೆಬ್ರವರೀಲಿ ಮೆಣಸು ಕುಯ್ಯುವಾಗ ಏಣಿ ಜಾರ್ತು. ಅವನಿಗೆ ಆಗ 24. ಡಾಕ್ಟ್ರು ಡಿ-12 ಅಂತ ಹೇಳಿದ್ರಂತೆ, ಬೆನ್ನುಮೂಳೆಯ ಆ ಗಿಣ್ಣಿನ ಹತ್ರ ನರ ಜಜ್ಜಿಹೋಗಿದೆ, ನಡೆಯೋಕಾಗಲ್ಲ ಅಂತ. ಪ್ರತಿ ವರ್ಷ ಮೆಣಸಿನ ಕುಯ್ಲಿನ ಟೈಮಲ್ಲಿ ನಮ್ಮ ಜಿಲ್ಲೇಲಿ ಹೀಗೆ ಮರದಿಂದ ಬಿದ್ದೋರು, ಅಲ್ಯೂಮಿನಿಯಂ ಏಣಿ ಕರೆಂಟ್ ವಯರಿಗೆ ತಾಗಿ ಸತ್ತೋರು ನಿಮ್ಮ ಪೇಪರಲ್ಲೇ ಒಂದು ಕಾಲಂ ಸುದ್ದಿಯಾಗಿ ಬರ್ತಾರೆ. ಬದುಕಿ ಉಳಿದೋರ ಸುದ್ದಿ ಆಮೇಲೆ ಯಾರೂ ಬರಿಯಲ್ಲ.

ನಾನು ಅವನನ್ನ ನೋಡಿದ್ದು 2016ರಲ್ಲಿ. ಅಂದ್ರೆ ಅವನು ನಡೀತಿದ್ದಿದ್ದನ್ನ ನಾನು ನೋಡೇ ಇಲ್ಲ. ಇದನ್ನ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ, ವಿಷಯ ಗೊತ್ತಿರೋ ಒಂದಿಬ್ರು ಕೂಡ ‘ಪಾಪ, ಮುಂಚಿಂದ ಇಷ್ಟ ಇತ್ತೇನೋ, ಹೀಗಾದ ಮೇಲೆ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ’ ಅಂತ ಅಂದ್ಕೊಂಡಿದ್ದಾರೆ. ಹಂಗಲ್ಲ. ವೀಲ್‌ಚೇರಿನ ಮುಂದಿನ ಸಣ್ಣ ಚಕ್ರದ ಬೇರಿಂಗಿಗೆ ಮಳೆಗಾಲದ ಕೆಸರು ಸೇರಿ ಜಾಮ್ ಆಗಿತ್ತು, ಪಕ್ಕದ ಮನೆಯೋರ ಜೀಪಲ್ಲಿ ಗ್ಯಾರೇಜಿಗೆ ಬಂದ. ನಾನು ಅವನನ್ನ ಬೆಂಚಿನ ಮೇಲೆ ಕೂರಿಸೋಕೆ ಕೈ ಹಾಕಿದ ಕೂಡಲೇ ‘ತಡೀರಿ, ನಾನೇ ಕೂರ್ತೀನಿ, ನೀವು ಬ್ರೇಕ್ ಹಿಡ್ಕೊಳ್ಳಿ ಸಾಕು’ ಅಂದ. ಎರಡೂ ಕೈ ಊರಿ ಬೆಂಚಿಗೆ ಜರುಗಿ, ಆಮೇಲೆ ಕಾಲನ್ನ ಒಂದೊಂದಾಗಿ ಪ್ಯಾಂಟ್ ಹಿಡಿದು ಎತ್ತಿ ಸರಿ ಮಾಡ್ಕೊಂಡ. ಬೇರಿಂಗ್ ರೇಟಿಗೆ ಚೌಕಾಸಿ ಮಾಡ್ದ. ಅಲ್ಲಿದ್ದ ಪೇಪರ್ ಎತ್ಕೊಂಡು ಕರಿಮೆಣಸಿನ ರೇಟ್ ಓದಿ ಹೇಳ್ದ. ಮುಂದಿನ ತಿಂಗಳು ‘ಬೇರಿಂಗ್ ಸೌಂಡ್ ಬರ್ತಿದೆ’ ಅಂತ ಮತ್ತೆ ಬಂದ, ನಾನು ಕಿವಿ ಕೊಟ್ಟು ಕೇಳಿದ್ರೆ ಏನೂ ಸೌಂಡಿಲ್ಲ. ಅದರ ಮುಂದಿನ ತಿಂಗಳೂ ಬಂದ. ಮೊದಲು ಬಾಯಿ ಬಿಟ್ಟು ಹೇಳಿದ್ದೂ ಅವನೇ, ನನಗೆ ಆ ಧೈರ್ಯ ಇರ್ಲಿಲ್ಲ. ಸಂಜೆ ಶಟರ್ ಅರ್ಧ ಇಳಿಸಿದ್ದೆ, ಹೊರಗೆ ಮಳೆ, ‘ನಂಗೆ ನೀವು ಅಂದ್ರೆ ಇಷ್ಟ, ನಿಮಗೂ ಹಂಗೇ ಇದ್ರೆ ಹೇಳಿ, ಇಲ್ದಿದ್ರೆ ಇನ್ಮೇಲೆ ಬೇರೆ ಗ್ಯಾರೇಜ್ ನೋಡ್ಕೊಳ್ತೀನಿ’ ಅಂದ.

ಅವನು ನನಗಿಂತ ಮುಂಚೆ ಫೋನಲ್ಲಿ ಡೇಟಿಂಗ್ ಆ್ಯಪ್ ಇಟ್ಕೊಂಡಿದ್ನಂತೆ. ಮುಖದ ಫೋಟೋ ಹಾಕಿದಾಗ ಮೆಸೇಜ್ ಬರ್ತಿತ್ತು, ವೀಲ್‌ಚೇರ್ ಕಾಣೋ ಫೋಟೋ ಕಳಿಸಿದ ಕೂಡಲೇ ಬ್ಲಾಕ್. ಒಬ್ಬ ಬ್ಲಾಕ್ ಮಾಡೋಕೆ ಮುಂಚೆ ‘ನಿಂಗೆ ಏನಾದ್ರೂ ಆಗುತ್ತಾ?’ ಅಂತ ಕೇಳಿದ್ನಂತೆ. ನಮ್ಮಂಥೋರನ್ನ ಊರು ಒಪ್ಪಲ್ಲ ಅಂತ ನಾವು ಅಳ್ತೀವಿ, ಅದು ನಿಜ, ಆದ್ರೆ ನಮ್ಮೋರೇ ನಮ್ಮೋರನ್ನ ಹೀಗೆ ಮಾಡೋದೂ ನಿಜ, ಇದನ್ನೂ ಬರೀಬೇಕು ಅನ್ನಿಸ್ತು.

2018ರ ಆಗಸ್ಟ್ ಕೊಡಗಿನಲ್ಲಿ ಇದ್ದೋರು ಯಾರೂ ಮರೆಯಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮಾದಾಪುರ, ಜೋಡುಪಾಲ, ಎಲ್ಲಾ ಕಡೆ ಗುಡ್ಡ ಗುಡ್ಡವೇ ಜಾರಿ ಬಂತು. ಅವನ ಮನೆ ಹಿಂದೆ ಗುಡ್ಡದ ಬರೆ ಬಿರುಕು ಬಿಟ್ಟಿದೆ ಅಂತ ನಾಲ್ಕು ಜನ ಸೇರಿ ಅವನನ್ನ ಪ್ಲಾಸ್ಟಿಕ್ ಕುರ್ಚಿಗೆ ಪಂಚೆಯಲ್ಲಿ ಕಟ್ಟಿ ಕೆಳಗೆ ಇಳಿಸಿದ್ರು. ವೀಲ್‌ಚೇರ್ ಅಲ್ಲೇ ಉಳೀತು, ಮೂತ್ರ ಹೋಗೋಕೆ ಹಾಕ್ಕೊಳ್ಳೋ ಕ್ಯಾತಿಟರ್ ಪ್ಯಾಕೆಟ್ಟು, ಗುಳಿಗೆ, ಕೂರೋ ಕುಶನ್ ಎಲ್ಲಾ ಅಲ್ಲೇ. ಪರಿಹಾರ ಕೇಂದ್ರ ಮಾಡಿದ್ದು ಒಂದು ಸ್ಕೂಲಲ್ಲಿ, ಟಾಯ್ಲೆಟ್ಟಿಗೆ ಎರಡು ಮೆಟ್ಟಿಲು, ಬಾಗಿಲು ಕಿರಿದು. ಯಾರನ್ನೂ ದೂರೋ ಹೊತ್ತಲ್ಲ ಅದು, ಊಟ ಹೊದಿಕೆ ಎಲ್ಲಾ ಕೊಟ್ರು, ಜನ ಕೈ ಮೀರಿ ಮಾಡಿದ್ರು. ಆದ್ರೆ ಅವನು ಒಂದೂವರೆ ದಿನ ನೀರೇ ಕುಡೀಲಿಲ್ಲ, ಕುಡಿದ್ರೆ ಹೋಗೋದು ಎಲ್ಲಿ ಅಂತ. ನಾನು ಸುತ್ತು ಬಳಸಿ ಹೋಗಿ ಸೇರೋ ಹೊತ್ತಿಗೆ ಜ್ವರ ಬಂದು ನಡುಗ್ತಿದ್ದ. ನಾನು ಒಂದು ಪಿಕಪ್ ತಗೊಂಡು ಹೋಗಿದ್ದೆ, ಅವನನ್ನೂ ಅವನ ಅವ್ವನನ್ನೂ ನಮ್ಮ ಮನೆಗೆ ಕರ್ಕೊಂಡು ಬಂದೆ. ಮಳೆ ನಿಲ್ಲೋ ತನಕ ಇರ್ಲಿ ಅಂತ ಎಲ್ರಿಗೂ ಹೇಳಿದ್ದು. ಆಮೇಲೆ ಅವ್ವ ಕುಶಾಲನಗರಕ್ಕೆ ಮಗಳ ಮನೆಗೆ ಹೋದ್ರು, ಅವನು ಉಳ್ಕೊಂಡ.

ಅವ್ವ ಇನ್ನೂ ನಮ್ಮ ಜೊತೆ ಇದ್ದಾಗಲೇ ಸೆಪ್ಟೆಂಬರ್ 6 ಬಂತು. ಟಿವೀಲಿ ಅಷ್ಟು ದಿನ ಬರೀ ನಮ್ಮ ಜಿಲ್ಲೆಯ ಮಣ್ಣು ಕುಸಿದ ಚಿತ್ರ, ಅವತ್ತು ಇದ್ದಕ್ಕಿದ್ದ ಹಾಗೆ ಬಣ್ಣ ಬಣ್ಣದ ಬಾವುಟ ಹಿಡಿದು ಜನ ಕುಣೀತಿದ್ದಾರೆ, ತಬ್ಕೊಂಡು ಅಳ್ತಿದ್ದಾರೆ. ಸುಪ್ರೀಂ ಕೋರ್ಟಿನ ಐದು ಜನ ಜಡ್ಜ್‌ಗಳು 377ನೇ ಸೆಕ್ಷನ್ ಇನ್ಮೇಲೆ ಒಪ್ಪಿ ಕೂಡಿದ ದೊಡ್ಡೋರಿಗೆ ಅನ್ವಯ ಆಗಲ್ಲ ಅಂತ ತೀರ್ಪು ಕೊಟ್ಟಿದ್ರು. ಬ್ರಿಟಿಷರು 1860ರಲ್ಲಿ ಮಾಡಿದ ಕಾನೂನು, ಜೀವಾವಧಿ ತನಕ ಶಿಕ್ಷೆ ಇತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ತೆಗೆದುಹಾಕಿತ್ತು, 2013ರಲ್ಲಿ ಸುಪ್ರೀಂ ಕೋರ್ಟ್ ವಾಪಸ್ ತಂದಿತ್ತು, ಇದೆಲ್ಲಾ ಅವನಿಗೆ ಬಾಯಿಪಾಠ. ಅವ್ವ ಕೆಳಗೆ ಕೂತು ಕಣಿಲೆ ಹೆಚ್ತಾ ಇದ್ರು. ‘ಏನಂತೋ ಅದು?’ ಅಂದ್ರು. ಅವನು ಟಿವಿ ಕಡೆಯೇ ನೋಡ್ತಾ, ‘ಗಂಡಸು ಗಂಡಸನ್ನ ಪ್ರೀತಿಸಿದ್ರೆ ಇನ್ಮೇಲೆ ಜೈಲಿಲ್ವಂತೆ ಅವ್ವಾ’ ಅಂದ. ಅವ್ವನ ಕೈ ಒಂದು ಗಳಿಗೆ ನಿಂತಿತು. ‘ಅಷ್ಟಕ್ಕೆಲ್ಲಾ ಜೈಲಿತ್ತಾ?’ ಅಂದ್ರು. ಮತ್ತೆ ಹೆಚ್ಚೋಕೆ ಶುರು ಮಾಡಿದ್ರು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರ್ತೀನಿ.

ನಮ್ಮ ಬೀದೀಲಿ ನಮ್ಮನ್ನ ಯಾರೂ ಅನುಮಾನದಿಂದ ನೋಡ್ಲಿಲ್ಲ. ಮೂವತ್ತು ದಾಟಿದ ಇಬ್ಬರು ಗಂಡಸರು ಮದುವೆ ಆಗದೇ ಒಂದೇ ಮನೇಲಿದ್ರೆ ನಮ್ಮೂರಲ್ಲಿ ಮಾತು ಬಂದೇ ಬರುತ್ತೆ. ನಮಗೆ ಬರ್ಲಿಲ್ಲ. ಕಾರಣ ಏನು ಅಂದ್ರೆ ಅವನ ವೀಲ್‌ಚೇರ್. ವೀಲ್‌ಚೇರಲ್ಲಿರೋನಿಗೆ ಆಸೆ ಇರುತ್ತೆ, ಅವನನ್ನ ಒಬ್ಬರು ಆಸೆಪಡಬಹುದು ಅನ್ನೋದು ಯಾರ ತಲೆಗೂ ಬರ್ಲೇ ಇಲ್ಲ. ಅವನ ಕೈಕಾಲು ಸರಿ ಇದ್ದಿದ್ರೆ 28ಕ್ಕೇ ಹುಡುಗಿ ನೋಡೋಕೆ ಶುರು ಮಾಡ್ತಿದ್ರು, ಬಿದ್ದ ಮೇಲೆ ಅವನ ಮದುವೆ ಮಾತನ್ನೇ ಎಲ್ರೂ ಎತ್ತಿ ಅಟ್ಟಕ್ಕೆ ಹಾಕಿದ್ರು. ಇನ್ನು ನನಗೆ, ‘ಯಾಕಪ್ಪ ಮದುವೆ ಆಗ್ಲಿಲ್ಲ’ ಅಂತ ಕೇಳೋರಿಗೆ ‘ಇವನನ್ನ ಬಿಟ್ಟು ಹೋಗೋಕಾಗುತ್ತಾ ಅಕ್ಕ’ ಅಂದ್ರೆ ಸಾಕು, ಪಕ್ಕದ ಮನೆ ಅಕ್ಕನ ಕಣ್ಣಲ್ಲಿ ನೀರು. ‘ನಿನ್ನಂಥ ಮಗ ಮನೆಮನೇಲಿ ಹುಟ್ಬೇಕು, ಎಷ್ಟು ಪುಣ್ಯ ಕಟ್ಕೊಂಡೆ’ ಅನ್ನೋರು. ನಾನು ತಲೆ ಬಗ್ಗಿಸಿ ನಿಂತ್ಕೊಳ್ತಿದ್ದೆ. ಅಲ್ಲ ಅಕ್ಕ, ಪುಣ್ಯ ಅಲ್ಲ, ನಂಗೆ ಅವನು ಬೇಕು, ಅವನಿಲ್ಲದೇ ನಂಗೆ ರಾತ್ರಿ ನಿದ್ದೆ ಬರಲ್ಲ ಅಂತ ಹೇಳ್ಬೇಕಿತ್ತು. ಹೇಳೋಕಾಗ್ಲಿಲ್ಲ. ಗ್ಯಾರೇಜ್ ಬಾಡಿಗೆ ಮಳಿಗೆ, ಮನೆ ಬಾಡಿಗೆ ಮನೆ, ಹೇಳಿದ್ರೆ ಎರಡೂ ಖಾಲಿ ಮಾಡಿಸ್ತಾರೆ ಅಂತ ಹೆದರಿಕೆ.

ಹೀಗಿರುವಾಗ ಒಂದು ವರ್ಷ ನವೆಂಬರ್ 1ಕ್ಕೆ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನನಗೆ ಸನ್ಮಾನ ಇಟ್ಕೊಂಡ್ರು. ನಿಸ್ವಾರ್ಥ ಸೇವೆಗೆ. ಬೇಡ ಅಂದೆ, ಜೋರಾಗಿ ಅನ್ನಲಿಲ್ಲ. ಸ್ಟೇಜ್ ಮೇಲೆ ಕರೆದು ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಭಾಷಣ ಮಾಡಿದೋರು ಅವನ ಹೆಸರು ಹೇಳಿ, ಅವನು ಹೇಗೆ ಬಿದ್ದ, ಹೇಗೆ ಮಲ ಮೂತ್ರಕ್ಕೂ ಇನ್ನೊಬ್ಬರು ಬೇಕು ಅಂತ ಮೈಕಲ್ಲಿ ಹೇಳಿದ್ರು. ಅದು ಸುಳ್ಳು ಕೂಡ, ಅವನ ಕೆಲಸ ಅವನೇ ಮಾಡ್ಕೊಳ್ತಾನೆ. ಸ್ಟೇಜಿಗೆ ರ‍್ಯಾಂಪ್ ಇರ್ಲಿಲ್ಲ, ಹಾಗಾಗಿ ಅವನು ಕೆಳಗೆ ಮುಂದಿನ ಸಾಲಿನ ಪಕ್ಕದಲ್ಲಿ ಚೇರಲ್ಲಿ ಕೂತಿದ್ದ, ನಾನು ಮೇಲೆ ನಿಂತಿದ್ದೆ. ಜನ ಚಪ್ಪಾಳೆ ತಟ್ತಿದ್ರು, ಅವನೂ ತಟ್ಟಿದ. ಮನೆಗೆ ಬಂದು ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ. ಮೂರನೇ ದಿನ ರಾತ್ರಿ ದೀಪ ಆರಿಸಿದ ಮೇಲೆ ಅಂದ, ‘ನಾನು ನಿನ್ನ ಪುಣ್ಯದ ಲೆಕ್ಕಕ್ಕೆ ಬಂದೋನಲ್ಲ. ನಿಂಗೆ ಹೆದರಿಕೆ ಇದೆ, ಗೊತ್ತು, ನಂಗೂ ಇದೆ. ಸುಮ್ನಿರು ಅಂದ್ರೆ ಸುಮ್ನಿರ್ತೀನಿ. ಆದ್ರೆ ನನ್ನನ್ನ ತೋರಿಸಿ ಶಾಲು ತಗೋಬೇಡ.’ ಆ ಶಾಲು ಇನ್ನೂ ಬೀರುವಿನಲ್ಲಿದೆ, ಅವತ್ತಿಂದ ಮಡಿಕೆ ಬಿಚ್ಚಿಲ್ಲ.

ನಿಮ್ಮ ‘ಬಾಳು ಕೊಟ್ಟ’ ಹೆಡ್ಡಿಂಗ್ ಓದಿದಾಗ ನಂಗೆ ನೆನಪಾಗಿದ್ದು ಆ ಶಾಲು. ಆ ಹೆಣ್ಮಗಳು ಪ್ರೀತಿಸಿ ಮದುವೆ ಆಗಿದ್ದಾರೋ ಏನೋ, ಅವರ ಗಂಡ ಅವರನ್ನ ಎಷ್ಟು ನಗಿಸ್ತಾರೋ, ಅವರಿಗೆ ಹುಷಾರಿಲ್ಲದಾಗ ಗಂಜಿ ಕಾಯ್ಸಿ ಕೊಡ್ತಾರೋ ಏನೋ. ನಿಮ್ಮ ವರದೀಲಿ ಅದ್ಯಾವುದೂ ಇಲ್ಲ. ಅವರು ಕೊಟ್ಟೋರು, ಇವರು ಇಸ್ಕೊಂಡೋರು, ಅಷ್ಟೇ. ಸರ್ಕಾರವೂ ಇದನ್ನೇ ಮಾಡುತ್ತೆ ನೋಡಿ. ನಮ್ಮ ರಾಜ್ಯದಲ್ಲಿ ವಿಕಲಚೇತನರನ್ನ ಮದುವೆ ಆಗೋ ಸಾಮಾನ್ಯರಿಗೆ 50,000 ರೂಪಾಯಿ ಪ್ರೋತ್ಸಾಹಧನ ಇದೆ. ಆ ದುಡ್ಡು ಬೇಡ ಅಂತ ನಾನು ಹೇಳಲ್ಲ, ಬಡವರಿಗೆ ಅದರಿಂದ ಒಂದು ಬೀರೋ ಮಂಚ ಆಗುತ್ತೆ. ಅವನು ಗ್ಯಾರೇಜಿನ ಒಂದು ಮೂಲೇಲಿ ಕಂಪ್ಯೂಟರ್ ಇಟ್ಕೊಂಡು ಜನರಿಗೆ ಪಹಣಿ, ಪಿಂಚಣಿ ಅರ್ಜಿ, ವಿಕಲಚೇತನರ ಗುರುತಿನ ಚೀಟಿ ಅಂದ್ರೆ ಯುಡಿಐಡಿ ಕಾರ್ಡಿನ ಅರ್ಜಿ ಎಲ್ಲಾ ಮಾಡಿಕೊಡ್ತಾನೆ, ಈ ಪ್ರೋತ್ಸಾಹಧನದ ವಿಷಯ ಕೇಳ್ಕೊಂಡು ಬರೋರಿಗೂ ಹೇಳಿಕೊಡ್ತಾನೆ. ಆದ್ರೆ ಒಬ್ಬ ಮನುಷ್ಯನನ್ನ ಪ್ರೀತಿಸೋಕೆ ಪ್ರೋತ್ಸಾಹ ಬೇಕು ಅನ್ನೋ ಮಾತು ಅವನಿಗೆ ನೋವು ಮಾಡುತ್ತೆ.

ಪೇಪರಿನ ಎರಡು ಪದದ ಬಗ್ಗೆ ಅವನು ಆಗಾಗ ಹೇಳ್ತಿರ್ತಾನೆ. ನಮ್ಮಂಥೋರನ್ನ ನೀವು ಸಲಿಂಗಕಾಮಿ ಅಂತ ಬರೀತೀರಿ, ಅದರಲ್ಲಿ ಕಾಮ ಬಿಟ್ಟು ಬೇರೇನೂ ಇಲ್ಲ. ವಿಕಲಚೇತನ ಅಂತ ಬರೆದಾಗ ಅಲ್ಲಿ ಕಾಮದ ಸುಳಿವೂ ಇರಕೂಡದು. ಅವನು ಎರಡೂ ಹೌದು. ಹಂಗಾದ್ರೆ ಅವನನ್ನ ಯಾವ ಪುಟದಲ್ಲಿ ಹಾಕ್ತೀರಿ? ಬರೆಯೋದಾದ್ರೆ ಸಲಿಂಗಿ ಅಂತ ಬರೀರಿ, ಗೇ ಅಂತಾದ್ರೂ ಬರೀರಿ, ಈಗ ಹುಡುಗರಿಗೆಲ್ಲಾ ಗೊತ್ತಿರೋ ಪದವೇ.

ಪ್ರೀತಿ ಹೇಗಿರುತ್ತೆ ಅಂತ ಕೇಳೋರಿಗೆ ಒಂದೆರಡು ವಿಷಯ ಹೇಳ್ತೀನಿ, ಮುಚ್ಚುಮರೆ ಇಲ್ಲದೇ. ಬೆನ್ನುಹುರಿಗೆ ಪೆಟ್ಟಾದೋರಿಗೆ ದೊಡ್ಡ ಶತ್ರು ಒತ್ತಡದ ಹುಣ್ಣು, ಬೆಡ್‌ಸೋರ್. ಕೂತಲ್ಲೇ ಕೂತ್ರೆ ಚರ್ಮಕ್ಕೆ ರಕ್ತ ಹೋಗಲ್ಲ, ಅವರಿಗೆ ನೋವೂ ಗೊತ್ತಾಗಲ್ಲ, ಒಳಗೊಳಗೇ ಕೊಳೆಯುತ್ತೆ. ಅದಕ್ಕೆ ಕಾಲು ಗಂಟೆ ಅರ್ಧ ಗಂಟೆಗೊಮ್ಮೆ ಕೈ ಊರಿ ಮೈ ಎತ್ತಬೇಕು, ದಿನಾ ರಾತ್ರಿ ಹಿಂಭಾಗದ ಚರ್ಮ ಕೆಂಪಾಗಿದ್ಯಾ ಅಂತ ಕನ್ನಡಿ ಹಿಡಿದು ನೋಡ್ಕೋಬೇಕು. ಮೊದಲೆಲ್ಲಾ ನಾನು ನೋಡಿ ಹೇಳ್ತಿದ್ದೆ. ಅದು ಅವನಿಗೆ ಇಷ್ಟ ಇರ್ಲಿಲ್ಲ, ‘ನೀನು ನನ್ನ ನೋಡೋದು ಬೇರೆ ಥರ ನೋಡ್ಬೇಕು, ನರ್ಸ್ ಥರ ಅಲ್ಲ’ ಅಂತಿದ್ದ. ಆಮೇಲೆ ನಾನು ಒಂದು ಹಳೇ ಸ್ಕೂಟರಿನ ಸೈಡ್ ಮಿರರ್ ತಗೊಂಡು ಅದಕ್ಕೆ ಉದ್ದದ ಕಂಬಿ ಬೆಸುಗೆ ಹಾಕಿ, ಬೇಕಾದ ಕಡೆ ಬಗ್ಗೋ ಹಾಗೆ ನಟ್ ಕೂರಿಸಿ, ಹಿಡಿಗೆ ಹ್ಯಾಂಡಲ್ ಗ್ರಿಪ್ ಹಾಕಿ ಕೊಟ್ಟೆ. ಈಗ ಮಲಗಿ ತಾನೇ ನೋಡ್ಕೊಳ್ತಾನೆ. ನೋಡಿ ಮುಗಿದ ಮೇಲೆ ಕನ್ನಡಿ ತಿರುಗಿಸಿ ಹಿಂದೆ ಬಟ್ಟೆ ಮಡಚ್ತಿರೋ ನನ್ನ ಮುಖ ಹುಡುಕ್ತಾನೆ, ನಂಗೆ ಗೊತ್ತಾಗೋ ತನಕ ನೋಡ್ತಾನೇ ಇರ್ತಾನೆ.

ಮನೆ ಮುಂದೆ ಮೂರು ಮೆಟ್ಟಿಲಿತ್ತು, ಒಟ್ಟು 18 ಇಂಚು ಎತ್ತರ. ವೀಲ್‌ಚೇರ್ ರ‍್ಯಾಂಪ್ ಅಂದ್ರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರ್ಬೇಕು, ಅಂದ್ರೆ ನಮ್ಮದಕ್ಕೆ 18 ಅಡಿ. ಅಂಗಳ ಅಷ್ಟು ಉದ್ದ ಇಲ್ಲ, ಹಾಗಾಗಿ ಮಧ್ಯೆ ತಿರುವು ಕೊಟ್ಟು ಕಟ್ಟಿದ್ವಿ, ಓನರಿಗೆ ನಾವೇ ಖರ್ಚು ಹಾಕ್ತೀವಿ ಅಂತ ಒಪ್ಪಿಸಿ. ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಕಟ್ಟಿ ಜಾರುತ್ತೆ, ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕೋದು ನನ್ನ ಕೆಲಸ. ಸಾರು ಪಲ್ಯ ಅವನ ಕೆಲಸ, ಲೆಕ್ಕಪತ್ರ ಪೂರ್ತಿ ಅವನದೇ, ಗ್ಯಾರೇಜಿನ ಸಾಲ ತೀರಿದ್ದು ಅವನು ಲೆಕ್ಕ ಹಿಡಿದ ಮೇಲೆ. ನಮ್ಮಪ್ಪ ತೀರ್ಕೊಂಡಾಗ ನಾನು ಹನ್ನೊಂದು ದಿನ ಗಟ್ಟಿಯಾಗಿದ್ದು, ಹನ್ನೆರಡನೇ ದಿನ ಅಡುಗೆ ಮನೇಲಿ ಕುಸಿದು ಕೂತಾಗ ಚೇರಿಂದ ನೆಲಕ್ಕೆ ಇಳಿದು ಬಂದು ನನ್ನ ತಲೆ ಎದೆಗೆ ಒತ್ಕೊಂಡು ಬೆಳಗಿನ ಜಾವದ ತನಕ ಕೂತಿದ್ದು ಅವನು. ಆ ರಾತ್ರಿ ನನಗೆ ಬಾಳು ಕೊಟ್ಟೋರು ಯಾರು?

ಕೊಡಗಲ್ಲಿ ವೀಲ್‌ಚೇರಿಗೆ ಸಮತಟ್ಟಾದ ಜಾಗ ಸಿಗೋದೇ ಕಷ್ಟ, ಎಲ್ಲಾ ಏರು ಇಳಿತ. ಕಾಫಿ ಕಣ ಒಂದೇ ಮಟ್ಟಸ. ನಮ್ಮ ಪರಿಚಯದೋರ ತೋಟದಲ್ಲಿ ದೊಡ್ಡ ಸಿಮೆಂಟ್ ಕಣ ಇದೆ, ಕುಯ್ಲು ಮುಗಿದು ಖಾಲಿ ಆದ ಮೇಲೆ ಮಾರ್ಚಲ್ಲಿ ನಾವಿಬ್ರೂ ಸಂಜೆ ಅಲ್ಲಿಗೆ ಹೋಗ್ತೀವಿ, ಅವನು ಸೈಡ್ ವೀಲ್ ಹಾಕಿದ ಸ್ಕೂಟೀಲಿ, ನಾನು ಹಿಂದೆ ವೀಲ್‌ಚೇರ್ ಮಡಚಿ ಹಿಡ್ಕೊಂಡು. ಒಂದು ಸಲ ಹೂಮಳೆ ಬಿದ್ದು ಎಂಟು ಹತ್ತು ದಿನ ಆಗಿತ್ತು, ತೋಟ ಪೂರ್ತಿ ಬೆಳ್ಳಗೆ ಹೂ ಬಿಟ್ಟಿತ್ತು, ಮಲ್ಲಿಗೆ ಥರ ವಾಸನೆ, ಬೆಳದಿಂಗಳು, ಸುತ್ತ ಯಾರೂ ಇಲ್ಲ. ‘ಕೂತ್ಕೋ’ ಅಂತ ತೊಡೆ ತಟ್ಟಿದ. ನಾನು 70 ಕೆಜಿ ಇದೀನಿ, ಭಾರ ಆಗುತ್ತೆ ಅಂದ್ರೆ, ‘ನಂಗೆಲ್ಲಿ ಗೊತ್ತಾಗುತ್ತೆ, ಒಂದು ಸುತ್ತು ಅಷ್ಟೇ’ ಅಂದ. ಅವನ ತೊಡೆ ಮೇಲೆ ಕೂತೆ, ಎರಡೂ ಕೈಲಿ ಚಕ್ರ ತಳ್ಳಿ ಆ ಕಣದ ಸುತ್ತ ಒಂದು ಸುತ್ತು ಹೊಡೆಸಿದ. ಅವನ ಉಸಿರು ನನ್ನ ಕತ್ತಿಗೆ ಬಡೀತಿತ್ತು. ಸೊಂಟದ ಕೆಳಗೆ ಗೊತ್ತಾಗದೇ ಇದ್ರೂ ಅವನ ಕಿವಿ ಹಿಂದೆ ಮುತ್ತು ಕೊಟ್ರೆ ಮೈಯೆಲ್ಲಾ ಜುಂ ಅನ್ನುತ್ತೆ ಅಂತ ಹೇಳ್ತಾನೆ. ‘ನಿಂಗೆ ಏನಾದ್ರೂ ಆಗುತ್ತಾ’ ಅಂತ ಕೇಳಿದೋನಿಗೆ ಇದು ಉತ್ತರ.

ಇಷ್ಟೆಲ್ಲಾ ಇದ್ರೂ ಒಂದು ಕಡೆ ಮಾತ್ರ ನಾವು ಏನೂ ಅಲ್ಲ. 2024ರ ಜುಲೈಲಿ ಕುಶನ್ ಮಳೇಲಿ ನೆಂದಿತ್ತು, ಎರಡು ದಿನ ಕಂಬಳಿ ಮಡಚಿ ಹಾಕ್ಕೊಂಡು ಕೂತಿದ್ದ, ಕರೆಂಟಿರ್ಲಿಲ್ಲ, ಕನ್ನಡೀಲೂ ಸರಿಯಾಗಿ ಕಾಣ್ಲಿಲ್ಲ. ಹುಣ್ಣಾಗಿ ಜ್ವರ ಏರಿ ಮೈಸೂರು ಕಡೆ ಒಂದು ಆಸ್ಪತ್ರೆಗೆ ಕರ್ಕೊಂಡು ಹೋದೆ, ಯಾವ್ದು ಅಂತ ಬೇಡ. ಕೊಳೆತ ಭಾಗ ಕ್ಲೀನ್ ಮಾಡೋಕೆ ಸಣ್ಣ ಆಪರೇಷನ್ ಬೇಕು ಅಂದ್ರು. ಅವನಿಗೆ ಜ್ಞಾನ ಇತ್ತು, ಮಾತಾಡ್ತಿದ್ದ. ಆದ್ರೂ ನರ್ಸ್ ‘ಪೇಶೆಂಟ್ ಏನು ತಿಂದ್ರು, ಮೋಷನ್ ಆಯ್ತಾ’ ಅಂತ ಎಲ್ಲಾ ನನ್ನನ್ನೇ ಕೇಳ್ತಾರೆ. ಕನ್ಸೆಂಟ್ ಫಾರ್ಮಿಗೆ ಅವನೇ ಸೈನ್ ಹಾಕ್ತೀನಿ ಅಂದ್ರೆ, ‘ಮನೆಯೋರು ಯಾರಾದ್ರೂ ಹಾಕ್ಬೇಕು’ ಅಂದ್ರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಕಾನೂನಿನ ಮುಂದೆ ಅವನಿಗೆ ಬೇರೆಯೋರಷ್ಟೇ ಸಾಮರ್ಥ್ಯ ಇದೆ, ಅವನು ಜ್ವರದಲ್ಲೇ ಅದನ್ನ ಹೇಳ್ದ, ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ನನ್ನ ಕಡೆ ತಿರುಗಿ ‘ನಿಮಗೆ ಅವರು ಏನಾಗಬೇಕು?’ ಅಂದ್ರು.

ನಮ್ಮ ಭಾಷೇಲಿ ಈ ಪ್ರಶ್ನೆ ಬಸ್ಸಲ್ಲಿ, ಮದುವೆ ಮನೇಲಿ, ಎಲ್ಲಾ ಕಡೆ ಕೇಳ್ತಾರೆ. ಅಣ್ಣ ಆಗ್ಬೇಕು, ಭಾವ ಆಗ್ಬೇಕು, ಅತ್ತೆ ಮಗ ಆಗ್ಬೇಕು, ಉತ್ತರ ಬಾಯಲ್ಲೇ ಇರುತ್ತೆ. ನಾನು ‘ಫ್ರೆಂಡ್’ ಅಂದೆ. ‘ಫ್ರೆಂಡ್ ಎಲ್ಲಾ ಆಗಲ್ಲ ಸಾರ್, ಮನೆಯೋರನ್ನ ಕರೆಸಿ’ ಅಂದ್ರು. ಜ್ವರದಲ್ಲಿ ಮಲಗಿದ್ದ ಅವನು ಕಣ್ಣು ಬಿಟ್ಟು ನನ್ನ ನೋಡ್ದ. ಆ ನೋಟ ನಾನು ಮರೆಯಲ್ಲ. ಬೆಳಿಗ್ಗೆ ಐದಕ್ಕೆ ಅವ್ವ ಕುಶಾಲನಗರದಿಂದ ಅಳಿಯನ ಕಾರಲ್ಲಿ ಬಂದ್ರು, ಅಲ್ಲಿ ತನಕ ಆಪರೇಷನ್ ನಿಂತಿತ್ತು. ಅವ್ವಂಗೆ ಓದೋಕೆ ಬರಲ್ಲ, ಸೈನ್ ಬದಲು ಹೆಬ್ಬೆಟ್ಟು ಒತ್ತಿದ್ರು. ಒತ್ತಿ, ಇಂಕ್ ಸೆರಗಿಗೆ ಒರೆಸ್ಕೊಳ್ತಾ ನನ್ನ ಕಡೆ ತೋರಿಸಿ, ‘ಇನ್ನೊಂದು ಸಲ ನನ್ನ ಕಾಯ್ಬೇಡಿ ತಾಯಿ, ಅವನ ಮನೆಯೋನು ಇವನೇ’ ಅಂದ್ರು. ನಮ್ಮ ಕಡೆ ಹೆಂಗಸರು ಗಂಡನನ್ನ ಹೆಸರು ಹೇಳದೇ ಮನೆಯೋರು ಅಂತಲೇ ಕರೆಯೋದು. ಅವ್ವ ಯಾವ ಅರ್ಥದಲ್ಲಿ ಹೇಳಿದ್ರು ಅಂತ ನಾನು ಕೇಳಿಲ್ಲ. ನಂಗೆ ಗೊತ್ತು.

ಅದಾಗಿ ಒಂದು ತಿಂಗಳಿಗೆ, 2024ರ ಆಗಸ್ಟಲ್ಲಿ, ಕೇಂದ್ರ ಸರ್ಕಾರ ಕೆಲವು ಆದೇಶ ಕಳಿಸಿತು. ನಮ್ಮಂಥ ಜೋಡಿ ಬ್ಯಾಂಕಲ್ಲಿ ಜಾಯಿಂಟ್ ಅಕೌಂಟ್ ಮಾಡೋಕೆ, ಒಬ್ಬರನ್ನೊಬ್ಬರು ನಾಮಿನಿ ಮಾಡೋಕೆ ಅಡ್ಡಿ ಇಲ್ಲ. ರೇಷನ್ ಕಾರ್ಡಿಗೆ ಒಂದೇ ಮನೆಯೋರು ಅಂತ ಲೆಕ್ಕ ಹಿಡೀಬೇಕು. ಹತ್ತಿರದ ಸಂಬಂಧಿಕರು ಇಲ್ಲದಿದ್ರೆ ಸಂಗಾತಿಗೆ ಮೃತದೇಹ ಕೊಡ್ಬೇಕು. ನಾವು ಅಕೌಂಟ್ ಮಾಡಿಸಿದ್ವಿ, ಕೌಂಟರಲ್ಲಿದ್ದ ಹುಡುಗಿಗೆ ಆ ಆದೇಶ ಗೊತ್ತಿರ್ಲಿಲ್ಲ, ಅವನು ಪ್ರಿಂಟ್ ಕೊಟ್ಟ, ಓದಿ ನೋಡಿ ಮಾತಾಡದೇ ಮಾಡಿಕೊಟ್ಳು, ಅವಳಿಗೆ ಒಳ್ಳೇದಾಗ್ಲಿ. ಆದ್ರೆ ಆ ಮೂರನೇ ಸಾಲು ಓದಿದಾಗ ಅವನ ದನಿ ನಿಂತೋಯ್ತು. ‘ಸತ್ತ ಮೇಲೆ ನನ್ನ ಹೆಣ ತಗೊಂಡು ಹೋಗೋಕೆ ನಿಂಗೆ ಬಿಡ್ತಾರೆ, ಬದುಕಿಸೋಕೆ ಸೈನ್ ಹಾಕೋಕೆ ಯಾವಾಗ ಬಿಡ್ತಾರೆ?’ ಅಂದ.

2023ರ ಅಕ್ಟೋಬರ್ 17ಕ್ಕೆ ಸುಪ್ರೀಂ ಕೋರ್ಟ್ ನಮ್ಮಂಥೋರ ಮದುವೆ ವಿಷಯದಲ್ಲಿ ತೀರ್ಪು ಕೊಟ್ಟಿತ್ತು. ಮದುವೆ ಅನ್ನೋದು ಮೂಲಭೂತ ಹಕ್ಕಲ್ಲ ಅಂತ ಐದೂ ಜನ ಹೇಳಿದ್ರು, ಕಾನೂನು ಮಾಡೋದು ಸಂಸತ್ತಿನ ಕೆಲಸ ಅಂತ ಬಿಟ್ರು. ಅವತ್ತು ರಾತ್ರಿ ತಲಕಾವೇರೀಲಿ ತೀರ್ಥೋದ್ಭವ, ಒಂದೂಕಾಲು ದಾಟಿದ ಮೇಲೆ. ನಮ್ಮಿಬ್ರಿಗೂ ನಿದ್ದೆ ಬರ್ಲಿಲ್ಲ, ಮೊಬೈಲಲ್ಲಿ ಲೈವ್ ನೋಡ್ತಾ ಕೂತ್ವಿ. ಕುಂಡಿಕೆಯಲ್ಲಿ ನೀರು ಉಕ್ಕಿದಾಗ ಅವನು ನನ್ನ ಕೈ ಹಿಡ್ಕೊಂಡ. ಅವತ್ತು ಏನೂ ಮಾತಾಡ್ಲಿಲ್ಲ ನಾವು. ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಗೆ ಭಾರತ 2007ರಲ್ಲೇ ಒಪ್ಪಿಗೆ ಕೊಟ್ಟಿದೆ, ಅದರ 23ನೇ ವಿಧಿ ಮದುವೆ, ಸಂಸಾರ, ಸಂಬಂಧ ಎಲ್ಲದರಲ್ಲೂ ಇವರಿಗೆ ಭೇದ ಮಾಡಬಾರದು ಅನ್ನುತ್ತೆ. ಅವನಿಗೆ ಒಂದು ಕಾಗದದಲ್ಲಿ ಸಿಗೋ ಹಕ್ಕು ಇನ್ನೊಂದು ಕಾಗದದಲ್ಲಿ ಇಲ್ಲ.

ಕೋರ್ಟು ಸಂಸತ್ತು ನಮ್ಮ ಕೈಲಿಲ್ಲ, ನಿಮ್ಮ ಕೈಲೂ ಇಲ್ಲ, ಗೊತ್ತು. ಹೆಡ್ಡಿಂಗ್ ನಿಮ್ಮ ಕೈಲಿದೆ. ಮುಂದಿನ ಡಿಸೆಂಬರ್ 3ಕ್ಕೆ ಒಂದು ಜೋಡಿ ಬಗ್ಗೆ ಬರೆದ್ರೆ ದಯವಿಟ್ಟು ‘ಬಾಳು ಕೊಟ್ಟ’ ಅಂತ ಹಾಕ್ಬೇಡಿ. ಇಬ್ರನ್ನೂ ಮಾತಾಡ್ಸಿ. ವೀಲ್‌ಚೇರಲ್ಲಿ ಕೂತೋರನ್ನ ಮೊದಲು ಮಾತಾಡ್ಸಿ, ಹಿಂದೆ ನಿಂತೋರನ್ನ ಆಮೇಲೆ. ಪ್ರೀತಿಸಿದ್ರಾ, ಜಗಳ ಆಡ್ತೀರಾ, ಯಾರು ಮೊದಲು ಹೇಳಿದ್ದು ಅಂತ ಬೇರೆ ಜೋಡಿಗಳನ್ನ ಕೇಳೋದನ್ನೇ ಇವರನ್ನೂ ಕೇಳಿ. ಒಂದಿನ ನಮ್ಮಂಥ ಜೋಡಿ ಫೋಟೋನೂ ಹಾಕೋ ಧೈರ್ಯ ನಿಮಗೂ ಬರ್ಲಿ, ನಮಗೂ ಬರ್ಲಿ.

ಈ ಕಾಗದ ನಾನು ಹೇಳ್ತಾ ಹೋದೆ, ಟೈಪ್ ಮಾಡಿದ್ದು ಅವನು. ಒಂದು ಕಡೆ ಜಗಳ ಆಯ್ತು. ಪರಿಹಾರ ಕೇಂದ್ರದಿಂದ ‘ಎತ್ಕೊಂಡು ಬಂದೆ’ ಅಂತ ನಾನು ಹೇಳಿದ್ದೆ, ‘ಪಿಕಪ್ ತಂದಿದ್ದೆ ಅಂತ ಹಾಕ್ತೀನಿ, ಎತ್ಕೊಂಡಿದ್ದು ಬೇಡ’ ಅಂತ ತಿದ್ದಿದ. ಹೆಸರಿನ ವಿಷಯಕ್ಕೂ ಆಯ್ತು. ಅವನಿಗೆ ಇಬ್ಬರ ಹೆಸರೂ ಪ್ರಿಂಟ್ ಆಗ್ಲಿ ಅಂತ ಆಸೆ. ನಾನು ಇನ್ನೂ ಆಗಲ್ಲ ಅಂದೆ, ಮಳಿಗೆ ಲೀಸ್ ಮಾರ್ಚಿಗೆ ಮುಗಿಯುತ್ತೆ, ರಿನ್ಯೂ ಆಗ್ಲಿ ನೋಡೋಣ ಅಂದೆ. ಅವನು ಸರಿ ಅಂದ, ಆದ್ರೆ ಕೆಳಗಿನ ಸಾಲು ಮಾತ್ರ ತನಗೆ ಬಿಡ್ಬೇಕು ಅಂದ. ನಾನು ‘ಒಬ್ಬ ಓದುಗ’ ಅಂತ ಹೇಳಿದ್ದೆ, ಅವನು ಬದಲಾಯಿಸಿದಾನೆ. ಹಂಗೇ ಇರ್ಲಿ. ನಮ್ಮ ಹೆಸರು, ವಿಳಾಸ, ಫೋನ್ ನಂಬರ್ ನಿಮಗೆ ಬೇರೆ ಹಾಳೇಲಿ ಕಳಿಸಿದೀವಿ, ಅದು ನಿಮ್ಮ ಹತ್ರ ಮಾತ್ರ ಇರ್ಲಿ.

ಇಂತಿ,
ಸೋಮವಾರಪೇಟೆ ಕಡೆಯ ಒಂದು ಮನೆಯವರು